ಸಾಸಿವೆ ಅನಿಲ ಮತ್ತು ಮುಂದಿನ ಪೀಳಿಗೆ

ಪ್ರಶ್ನೆ: ಯುದ್ಧದಲ್ಲಿ ಬಳಸುವ ಸಾಸಿವೆ ಅನಿಲ ವಂಶವಾಹಿಗಳನ್ನೂ ಕೆಡಿಸುತ್ತದೆಯೇ?

ಉತ್ತರ: ಕೆಡಿಸುತ್ತದೆ. ಮೊದಲಿಗೆ, ಒಗ್ಗರಣೆಯ ಸಾಸಿವೆಗೂ ಇದಕ್ಕೂ ನಂಟಿಲ್ಲ. ವಾಸನೆಯಿಂದ ಅಂಟಿಕೊಂಡ ಹೆಸರಷ್ಟೆ. ನಿಜ ಹೇಳಬೇಕೆಂದರೆ ಇದು ಅನಿಲವೂ ಅಲ್ಲ, ಎಣ್ಣೆಯಂಥ ದ್ರವ.

ಡಿಎನ್‌ಎಯನ್ನು ಜಿಪ್ಪಿನಂತೆ ಊಹಿಸಿಕೊಳ್ಳಿ. ಜೀವಕೋಶ ಒಡೆದು ಎರಡಾಗುವ ಮುನ್ನ ಅದು ಬಿಚ್ಚಿಕೊಳ್ಳಬೇಕು. ಈ ರಾಸಾಯನಿಕದ ಅಣುವಿಗೆ ಎರಡು ಕೈ. ಒಂದು ಈಚೆ ಎಳೆಯ ಗ್ವಾನಿನ್ ಎಂಬ ಘಟಕವನ್ನು ಹಿಡಿದರೆ, ಇನ್ನೊಂದು ಆಚೆ ಎಳೆಯದನ್ನು ಹಿಡಿಯುತ್ತದೆ. ಜಿಪ್ಪಿಗೆ ಹೊಲಿಗೆ ಬಿದ್ದಂತೆ! ಕೋಶ ಸಾಯುತ್ತದೆ, ಇಲ್ಲವೇ ತಪ್ಪುತಪ್ಪಾಗಿ ರಿಪೇರಿಯಾಗಿ ಬದುಕುತ್ತದೆ. ಕ್ಯಾನ್ಸರಿಗೆ ದಾರಿಯಾಗುವುದು ಈ ಎರಡನೆಯದು. ಜಪಾನಿನ ಓಕುನೋಶಿಮಾ ದ್ವೀಪದಲ್ಲಿ ಈ ವಿಷ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರಲ್ಲಿ ಮುಂದೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು.

ಈ ವಿಷ ವಂಶವಾಹಿಗಳನ್ನು ಕೆಡಿಸುವುದನ್ನು ಮೊದಲು ಕಂಡವರಲ್ಲಿ ತಳಿವಿಜ್ಞಾನಿ ಶಾರ್ಲಟ್ ಔರ್‌ಬಾಖ್ ಒಬ್ಬರು. ನಾಜಿ ಜರ್ಮನಿಯಿಂದ ಎಡಿನ್‌ಬರೋಗೆ ಬಂದಿದ್ದ ಆಕೆ 1940ರ ದಶಕದ ಆರಂಭದಲ್ಲಿ ಕಟ್ಟಡದ ಮಾಳಿಗೆಯ ಮೇಲೆ ಹಣ್ಣುನೊಣಗಳಿಗೆ ಈ ವಿಷ ಸೋಕಿಸಿ, ತಮ್ಮ ಕೈಗಳನ್ನೂ ಸುಟ್ಟುಕೊಂಡರು. ನೊಣಗಳ ಸಂತತಿಯಲ್ಲಿ ವಿಕೃತಿ ಕಾಣಿಸಿತು. ಯುದ್ಧದ ಗುಟ್ಟೆಂದು ಈ ವಿವರ 1946ರವರೆಗೂ ಹೊರಬೀಳಲಿಲ್ಲ.

ಮನುಷ್ಯರಲ್ಲಿ ಮಕ್ಕಳಿಗೂ ದಾಟಬೇಕಾದರೆ ವೀರ್ಯಾಣು ಅಥವಾ ಅಂಡಾಣುವಿನಲ್ಲೇ ಪೆಟ್ಟು ಉಳಿದಿರಬೇಕು. 1987ರಲ್ಲಿ ಇರಾನಿನ ಸರ್ದಶ್ತ್ ಪಟ್ಟಣದ ಮೇಲೆ ಈ ವಿಷ ಬಿದ್ದಿತು. ಅಲ್ಲಿ ಬದುಕುಳಿದವರ ಮನೆಗಳಲ್ಲಿ ಈ ಪ್ರಶ್ನೆ ಬರೀ ಕುತೂಹಲದ್ದಲ್ಲ.