ಮಳೆಯ ಎಚ್ಚರಿಕೆ: ಬಣ್ಣವರಿತು ಕೆಲಸ ಮಾಡಿ

ಭಾರತ ಹವಾಮಾನ ಇಲಾಖೆಯು ಜಿಲ್ಲಾವಾರು ಮುನ್ನೆಚ್ಚರಿಕೆಯನ್ನು ನಾಲ್ಕು ಬಣ್ಣಗಳಲ್ಲಿ ಕೊಡುತ್ತದೆ. ಹಸಿರಿದ್ದರೆ ಎಚ್ಚರಿಕೆಯಿಲ್ಲ. ಹಳದಿಯೆಂದರೆ ಗಮನವಿಡಿ, ಔಷಧಿ ಸಿಂಪರಣೆ, ಮೇಲುಗೊಬ್ಬರ ಮುಂದೂಡುವುದು ಲೇಸು. ಕಿತ್ತಳೆಯೆಂದರೆ ಸಿದ್ಧರಾಗಿ. ಕೊಯ್ದ ರಾಗಿ ಹೊಲದಲ್ಲೇ ನೆನೆದರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಆದ್ದರಿಂದ ಮೆದೆ ಹಾಕಿ ಮುಚ್ಚುವುದು, ಬಸಿಗಾಲುವೆ ಬಿಡಿಸುವುದು ಈ ಹಂತದಲ್ಲೇ ಮುಗಿಯಬೇಕು. ಕೆಂಪು ಬಂದಮೇಲೆ ಹೊಲದ ಕಡೆ ಹೋಗಲೇಬೇಡಿ.

24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರಿ’ ಮಳೆ, 204.4 ಮೀರಿದರೆ ‘ಅತ್ಯಂತ ಭಾರಿ’. ಆದರೆ ಬಣ್ಣವನ್ನು ಮಳೆಯ ಅಳತೆಯೊಂದರಿಂದಲೇ ನಿರ್ಧರಿಸುವುದಿಲ್ಲ. ಆಗಬಹುದಾದ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಗುಡುಗು ಸಿಡಿಲಿಗೆ ಅಲ್ಪಾವಧಿಯ ಎಚ್ಚರಿಕೆಯೂ ಇದೆ. ಅದು ಮುಂದಿನ ಮೂರು ಗಂಟೆಗಳಿಗಷ್ಟೇ. ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಇಟ್ಟುಕೊಳ್ಳಿ. ಸೂಚನೆ ಬಂದೊಡನೆ ಮನೆ ಸೇರಿ. ಮರದಡಿ ನಿಲ್ಲಬೇಡಿ, ದನಗಳನ್ನೂ ಕಟ್ಟಬೇಡಿ.