ಕತ್ತಲಲ್ಲಿ ಕೂಗಿದವರು ಯಾರು?

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ ಹಿರಿಯರು. ಕಛೇರಿಯಲ್ಲಿ ಹಾಡುಗಾರ ತಾಳ ತಪ್ಪಿದರೆ ಮುಜುಗರ ಅವನದು. ಕೇಳುಗನೇ ತಾಳ್ಮೆ ತಪ್ಪಿದರೆ?

1966ರ ಮೇ 17. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಹಾಲ್. ಅಮೆರಿಕದ ಗಾಯಕ ಬಾಬ್ ಡಿಲನ್‌ಗೆ ಆಗ 24 ವರ್ಷ. ಮೊದಲರ್ಧದಲ್ಲಿ ಸಾದಾ ಗಿಟಾರ್, ಮೌತ್ ಆರ್ಗನ್ ಹಿಡಿದು ಒಬ್ಬರೇ ಹಾಡಿದರು. ಜನಪದ ಗೀತೆಗಳ ಅಭಿಮಾನಿಗಳು ಮೌನವಾಗಿ ಆಲಿಸಿದರು. ಎರಡನೆಯ ಅರ್ಧದಲ್ಲಿ ವಿದ್ಯುತ್ ಗಿಟಾರ್, ಡ್ರಮ್‌ಗಳ ತಂಡ ವೇದಿಕೆಗೆ ಬಂತು. ಹಲವರು ಸಿಟ್ಟಾದರು. ಅಡ್ಡಿಪಡಿಸಲೆಂದೇ ನಿಧಾನವಾಗಿ ಚಪ್ಪಾಳೆ ತಟ್ಟಿದರು. ಕೊನೆಯ ಹಾಡಿಗೆ ಮುಂಚೆ ಕತ್ತಲಿನಿಂದ ಒಂದು ಕೂಗು: “ಜೂಡಸ್!”

ಹೌದು, ಮೂವತ್ತು ಬೆಳ್ಳಿ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟ ಯೂದನ ಹೆಸರೇ! ವಾದ್ಯ ಬದಲಿಸಿದ್ದೇ ದ್ರೋಹವೇ? ಆ ಮಾತನ್ನು ತಾನು ನಂಬುವುದಿಲ್ಲ ಎಂದ ಡಿಲನ್, ಕೂಗಿದವನನ್ನು ಸುಳ್ಳುಗಾರನೆಂದು ಕರೆದು, ಇನ್ನೂ ಜೋರಾಗಿ ನುಡಿಸುವಂತೆ ತಂಡಕ್ಕೆ ಹೇಳಿದರು.

ಅಂದಿನ ಧ್ವನಿಮುದ್ರಣ 1998ರಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. ಆ ಬಳಿಕ “ಕೂಗಿದವನು ನಾನೇ” ಎಂದವರು ಒಬ್ಬರಲ್ಲ, ಇಬ್ಬರು! ಹಾಲ್‌ನಲ್ಲಿ ಧ್ವನಿ ತೀರಾ ಕೆಟ್ಟಿತ್ತು, ಸಿಟ್ಟು ಬಂದದ್ದು ಅದಕ್ಕೇ ಎಂದರು ಅವರಲ್ಲೊಬ್ಬರು. ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಕೂಗು ಮಾತ್ರ ಆ ಧ್ವನಿಮುದ್ರಣದಲ್ಲಿ ಹಾಗೆಯೇ ಉಳಿದಿದೆ.

ಪ್ರಿಯ ಓದುಗರೇ, ಊಟದ ಮೇಜಿನಲ್ಲಿ, ಊರ ಹಬ್ಬದ ವೇದಿಕೆಯೆದುರು ನಾವೂ ಎಷ್ಟು ಕೂಗಿದ್ದೇವೆ! ನಮ್ಮ ಮನೆಗಳಲ್ಲಿ ಧ್ವನಿಮುದ್ರಣ ಯಂತ್ರ ಇಲ್ಲದಿರಬಹುದು. ಮಕ್ಕಳ ಕಿವಿ ಇದೆ.