ಕೂಸಿನ ಮೈಯೊಳಗೆ ಕೌದಿ ಹೊಲಿಗೆ

ಒಂಬತ್ತು ತಿಂಗಳ ಮಗಳಿಗೆ ದಡಾರದ ಚುಚ್ಚುಮದ್ದು ಹಾಕಿಸಿಕೊಂಡು ಬಂದ ಪಕ್ಕದ ಮನೆಯ ಸೊಸೆ ಕೇಳಿದಳು: "ಅಕ್ಕಾರ, ದಡಾರ ಅಂದ್ರ ಏನಂತ ಕಾಣದ ಕೂಸು ಇದು. ಅದಕ್ಕ ಎದುರು ನಿಲ್ಲೂದು ಇದರ ಮೈಗೆ ಹೆಂಗ ಗೊತ್ತಾಗತದರಿ?"

ವಿಜ್ಞಾನಿಗಳೂ ಬಹುಕಾಲ ಇದಕ್ಕೇ ತಲೆ ಕೆಡಿಸಿಕೊಂಡಿದ್ದರು. ರೋಗಾಣುವನ್ನು ಹಿಡಿಯುವ ಪ್ರತಿಕಾಯಗಳೆಂಬ ಪ್ರೋಟೀನುಗಳು ನಮ್ಮ ರಕ್ತದಲ್ಲಿವೆ. ಬೀಗಕ್ಕೊಂದು ಕೀಲಿ ಎಂಬಂತೆ ಅವು ಲಕ್ಷಾಂತರ ಬಗೆಯವು ಬೇಕು. ಆದರೆ ಪ್ರೋಟೀನು ತಯಾರಿಕೆಗೆ ಸೂಚನೆ ಕೊಡುವ ಜೀನುಗಳು ನಮ್ಮಲ್ಲಿರುವುದು ಸುಮಾರು 20,000 ಮಾತ್ರ! ಲೆಕ್ಕ ಕೂಡುವುದು ಹೇಗೆ?

1976ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಜಪಾನಿನ ಸುಸುಮು ಟೊನೆಗಾವಾ, ಸಹೋದ್ಯೋಗಿ ಹೊಝುಮಿಯವರೊಡನೆ ಇದಕ್ಕೆ ಉತ್ತರ ಕೊಟ್ಟರು. ಇಲಿಯ ಭ್ರೂಣದ ಡಿಎನ್‌ಎಯಲ್ಲಿ ದೂರ ದೂರವಿದ್ದ ತುಂಡುಗಳು, ಪ್ರತಿಕಾಯ ತಯಾರಿಸುವ ಜೀವಕೋಶದಲ್ಲಿ ಹತ್ತಿರ ಬಂದು ಕೂತಿದ್ದವು. ಅಂದರೆ ಜೀನೇ ಕತ್ತರಿಸಿ ಜೋಡಣೆಯಾಗಿತ್ತು. 1987ರಲ್ಲಿ ಟೊನೆಗಾವಾ ಅವರಿಗೆ ನೊಬೆಲ್ ಬಹುಮಾನ ಬಂತು.

ಅಜ್ಜಿ ಕೌದಿ ಹೊಲಿಯುವುದನ್ನು ನೆನಪಿಸಿಕೊಳ್ಳಿ. ಹಳೆಯ ಸೀರೆಯದೊಂದು ತುಂಡು, ಧೋತರದ್ದೊಂದು ತುಂಡು. ಒಂದು ಕೌದಿಯಂತೆ ಇನ್ನೊಂದಿಲ್ಲ. ಮೂಳೆಯ ಮಜ್ಜೆಯಲ್ಲಿ 'ಬಿ' ಜೀವಕೋಶಗಳು ಹುಟ್ಟುವಾಗ ನಡೆಯುವುದೂ ಇದೇ. ಪ್ರತಿಕಾಯದ ದೊಡ್ಡ ಸರಪಳಿಗೆ ಮೂರು ಗುಡ್ಡೆ ತುಂಡುಗಳಿವೆ: ಒಂದರಲ್ಲಿ ಸುಮಾರು 40, ಇನ್ನೊಂದರಲ್ಲಿ 23, ಮತ್ತೊಂದರಲ್ಲಿ 6. ಪ್ರತಿ ಗುಡ್ಡೆಯಿಂದ ಒಂದೊಂದನ್ನು ಆರಿಸಿದರೆ ಐದು ಸಾವಿರಕ್ಕೂ ಹೆಚ್ಚು ಜೋಡಣೆ. ಚಿಕ್ಕ ಸರಪಳಿಯ ನೂರಾರು ಬಗೆಗಳನ್ನು ಇದಕ್ಕೆ ಗುಣಿಸಿ, 15 ಲಕ್ಷ ದಾಟುತ್ತದೆ! ಸಾಲದೆಂಬಂತೆ ಹೊಲಿಗೆಯ ಜಾಗದಲ್ಲಿ ಒಂದೆರಡು ಅಕ್ಷರ ಉದುರುತ್ತವೆ, ಒಂದೆರಡು ಸೇರುತ್ತವೆ. ನಾವಾದರೆ ಸೊಟ್ಟ ಹೊಲಿಗೆಯನ್ನು ಬಿಚ್ಚಿಸುತ್ತಿದ್ದೆವು. ಇಲ್ಲಿ ಅದರಿಂದಲೇ ಬಗೆಗಳು ಕೋಟಿಗಟ್ಟಲೆ. ಕೆಟ್ಟು ಹೋಗುವವೂ ಬೇಕಾದಷ್ಟು, ಅವನ್ನು ದೇಹ ಬಿಸಾಡುತ್ತದೆ.

ಹಾಗಾಗಿ ಕೂಸಿನ ಮೈಗೆ ದಡಾರ ಗೊತ್ತಿರಲಿಲ್ಲ, ನಿಜ. ಆದರೆ ಅದಕ್ಕೆ ಹೊಂದುವ ಕೆಲವು ಜೀವಕೋಶಗಳು ಮೊದಲೇ ಸಿದ್ಧವಾಗಿದ್ದವು. ಲಸಿಕೆ ಅವನ್ನು ಹುಡುಕಿ ಎಬ್ಬಿಸಿತು, ಅವು ಸಾವಿರಾರು ಪಾಲು ಬೆಳೆದವು.

ಕತ್ತರಿಸುವ ಕಿಣ್ವವೇ ಹುಟ್ಟಿನಿಂದ ಕೆಟ್ಟಿರುವ ಮಕ್ಕಳೂ ಅಪರೂಪಕ್ಕೆ ಇರುತ್ತಾರೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಗರ್ಭದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕಾಯುತ್ತವೆ; ಆದರೂ ಮೇಲಿಂದ ಮೇಲೆ ನ್ಯುಮೋನಿಯಾ, ನಿಲ್ಲದ ಭೇದಿ, ಬಾಯಲ್ಲಿ ಬಿಳಿ ಅಗ್ರ ಕಾಣಬಹುದು, ತೂಕ ಏರದೆ ಇರಬಹುದು. ಬೇಗ ತಿಳಿದರೆ ಅಸ್ಥಿಮಜ್ಜೆಯ ಕಸಿಯಿಂದ ಉಳಿಸಿಕೊಳ್ಳಬಹುದು. ಮನೆಯಲ್ಲಿ ಹಿಂದೆ ಯಾವುದಾದರೂ ಹಸುಗೂಸು ಹೀಗೆ ತೀರಿಕೊಂಡಿದ್ದರೆ, ಬಿಸಿಜಿಯಂಥ ಜೀವಂತ ಲಸಿಕೆ ಹಾಕಿಸುವ ಮುಂಚೆಯೇ ಡಾಕ್ಟರಿಗೆ ಹೇಳಿ. ಅಂಥ ಕೂಸಿಗೆ ಆ ಲಸಿಕೆಯೇ ಅಪಾಯ.

ಪಕ್ಕದ ಮನೆಯ ಕೂಸು ಗುಂಡುಗುಂಡಾಗಿದೆ. ಎರಡನೆಯ ಡೋಸು 16ರಿಂದ 24 ತಿಂಗಳೊಳಗೆ. ಅವಳ ಅತ್ತೆ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿದ್ದಾರೆ.